ಐಪಿ ವಿಳಾಸ ಹಂಚಿಕೆ: ಸಾಧನದ ಮಾತೇ ಆಧಾರವಾಗದಿರಲಿ

ಮಾನ್ಯ ಸಂಪಾದಕರೇ,

ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ವೈ-ಫೈ ಕೈಕೊಟ್ಟಾಗ ಇಂಟರ್‌ನೆಟ್‌ನ ವೇಗ ಸಾಲದೆಂದು ದೂರುವುದು ವಾಡಿಕೆ. ಆದರೆ ಎಷ್ಟೋ ಕಡೆ ತೊಂದರೆ ಇರುವುದು ಡಿಎಚ್‌ಸಿಪಿ ಸರ್ವರ್ (ನೆಟ್‌ವರ್ಕ್‌ಗೆ ಸೇರುವ ಸಾಧನಗಳಿಗೆ ತಾನಾಗಿಯೇ ವಿಳಾಸ ಕೊಡುವ ವ್ಯವಸ್ಥೆ) ಐಪಿ ವಿಳಾಸಗಳನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನಗಳನ್ನು ಗುರುತಿಸುವ ಸಂಖ್ಯೆಗಳನ್ನು, ಹಂಚುವ ರೀತಿಯಲ್ಲಿ. ಸಿಬ್ಬಂದಿಯ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ಬಂದುಹೋಗುವವರ ಮೊಬೈಲ್ ಎಲ್ಲವೂ 254 ವಿಳಾಸಗಳ ಒಂದೇ ಪೂಲ್ (ಹಂಚಲು ಇಟ್ಟ ಸಂಗ್ರಹ) ಅನ್ನು ನೆಚ್ಚಿಕೊಂಡಿರುವಲ್ಲಿ, ಲೀಸ್ ಅವಧಿ (ಕೊಟ್ಟ ವಿಳಾಸ ಒಂದು ಸಾಧನಕ್ಕೆ ಮೀಸಲಿರುವ ಕಾಲ) ಎಂಟು ದಿನವಿದ್ದರೆ, ಅರ್ಧ ಗಂಟೆ ಕುಳಿತು ಹೋದವರ ಫೋನಿಗೆ ಕೊಟ್ಟ ವಿಳಾಸವೂ ಸಾಮಾನ್ಯವಾಗಿ ಎಂಟು ದಿನ ಬೇರೆಯವರಿಗೆ ಸಿಗುವುದಿಲ್ಲ. ಹೀಗೆ ವಿಳಾಸಗಳು ಮುಗಿದರೆ ಹೊಸದಾಗಿ ಬಂದವರಿಗೆ ಸಂಪರ್ಕ ಸಿಗದು.

ಸಾಧನಗಳನ್ನು ಗುಂಪುಗಳಾಗಿ ವಿಂಗಡಿಸಬೇಕೆಂಬುದರಲ್ಲಿ ತಕರಾರಿಲ್ಲ. ವಿಂಗಡಣೆಗೆ ಆಧಾರ ಯಾವುದೆಂಬುದೇ ಪ್ರಶ್ನೆ. ಸಿಬ್ಬಂದಿಯ ಸಾಧನಗಳ ಮ್ಯಾಕ್ ವಿಳಾಸಗಳನ್ನು (ತಯಾರಕರು ಸಾಧನದ ನೆಟ್‌ವರ್ಕ್ ಭಾಗಕ್ಕೆ ಕೊಟ್ಟ ಗುರುತು ಸಂಖ್ಯೆ) ಸರ್ವರ್‌ನಲ್ಲಿ ಪಟ್ಟಿಮಾಡಿ, ಪಟ್ಟಿಯಲ್ಲಿದ್ದರೆ ಒಂದು ಪೂಲ್, ಇಲ್ಲದಿದ್ದರೆ ಅತಿಥಿಗಳ ಪೂಲ್ ಎನ್ನುವ ಕ್ರಮ ಬಹಳ ಕಡೆ ಇದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದ ಮೇಲೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಪ್ರತಿ ವೈ-ಫೈಗೂ ಬೇರೊಂದನ್ನು ತೋರಿಸುವುದರಿಂದ, ಸಿಬ್ಬಂದಿಯ ಫೋನೇ ಅಪರಿಚಿತವಾಗಿ ಕಾಣುತ್ತದೆ. ಇನ್ನೊಂದು ಕಡೆ, ಪಟ್ಟಿಯಲ್ಲಿರುವ ವಿಳಾಸವನ್ನು ನಕಲು ಮಾಡುವುದು ಕಷ್ಟವೇನಲ್ಲ. ಸಾಧನವು ತನ್ನ ಬಗೆಯನ್ನು ತಾನೇ ಹೇಳಿಕೊಳ್ಳುವ, ಡಿಎಚ್‌ಸಿಪಿ ಕೋರಿಕೆಯೊಳಗಿನ 60ನೇ ಆಪ್ಷನ್ ಎಂಬ ಅಂಶದ ಪಾಡೂ ಇದೇ. ಐಪಿ ಫೋನಿಗೆ (ನೆಟ್‌ವರ್ಕ್ ಮೂಲಕ ಕರೆ ಮಾಡುವ ಫೋನ್) ಅದರ ಸಂರಚನಾ ಕಡತ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಸಲು ಅದು ತಕ್ಕದ್ದೇ ಹೊರತು, ಯಾರಿಗೆ ಎಷ್ಟು ಪ್ರವೇಶ ಎಂದು ತೀರ್ಮಾನಿಸಲು ಅಲ್ಲ.

ವಿಳಾಸದ ಕೋರಿಕೆ ಎಲ್ಲಿಂದ ಬಂತೆಂಬುದನ್ನು ಸಾಧನವಲ್ಲ, ನೆಟ್‌ವರ್ಕ್ ಹೇಳಬೇಕು. ಪ್ರತಿ ಗುಂಪಿಗೂ ಪ್ರತ್ಯೇಕ ವಿಲ್ಯಾನ್ (ಒಂದೇ ಉಪಕರಣಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇದ್ದರೆ, ಕೋರಿಕೆಯನ್ನು ಮುಂದಕ್ಕೆ ಕಳಿಸುವ ರೂಟರ್ ಅದು ಹೊರಟ ಸಬ್‌ನೆಟ್ಟನ್ನು (ಆ ಗುಂಪಿನ ವಿಳಾಸಗಳ ವ್ಯಾಪ್ತಿ) ಸೂಚಿಸುತ್ತದೆ. 2001ರಲ್ಲಿ ಆರ್‌ಎಫ್‌ಸಿ 3046 ಎಂಬ ಇಂಟರ್‌ನೆಟ್ ಮಾನದಂಡ ದಾಖಲೆ ನಿರೂಪಿಸಿದ 82ನೇ ಆಪ್ಷನ್ ಬಳಸಿದರೆ, ಸ್ವಿಚ್‌ನ (ಸಾಧನಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಯಾವ ಪೋರ್ಟ್ ಎಂಬುದನ್ನೂ ತಿಳಿಸಬಹುದು. ಬಳಕೆದಾರರನ್ನು 802.1ಎಕ್ಸ್ (ನೆಟ್‌ವರ್ಕ್‌ಗೆ ಸೇರುವ ಮುನ್ನ ಗುರುತು ಕೇಳುವ ಮಾನದಂಡ) ಮೂಲಕ ಪರಿಶೀಲಿಸಿ ವಿಲ್ಯಾನ್‌ಗೆ ಸೇರಿಸಿದರೆ, ಸಾಧನದ ಹೇಳಿಕೆಯನ್ನು ಸರ್ವರ್ ನಂಬಬೇಕಾದ ಪ್ರಮೇಯವೇ ಬರುವುದಿಲ್ಲ. ಒಂದೇ ವಿಲ್ಯಾನ್‌ನೊಳಗೆ ಎರಡು ಪೂಲ್ ಮಾಡಿ ಭದ್ರತೆ ಬಂತೆಂದುಕೊಳ್ಳುವುದಂತೂ ಭ್ರಮೆ: ಯಾರು ಬೇಕಾದರೂ ಇನ್ನೊಂದು ಪೂಲ್‌ನ ವಿಳಾಸವನ್ನು ತಾವೇ ಟೈಪ್ ಮಾಡಿಕೊಳ್ಳಬಹುದು.

ಲೀಸ್ ಅವಧಿಯೂ ಗುಂಪಿಗೆ ತಕ್ಕಂತಿರಲಿ. ಅತಿಥಿಗಳಿಗೆ ಒಂದು ಗಂಟೆ ಸಾಕು. ಅವಧಿಯ ಅರ್ಧ ಕಳೆಯುತ್ತಲೇ ಸಾಧನ ನವೀಕರಣ ಕೇಳುವುದರಿಂದ, ಹಾಜರಿರುವವರ ಸಂಪರ್ಕ ಇದರಿಂದ ಕಡಿಯುವುದಿಲ್ಲ. ಪ್ರಿಂಟರ್‌ಗೆ ಕಾಯ್ದಿರಿಸಿದ ವಿಳಾಸವೇ ಸರಿ, ಅಲ್ಲಿ ಮ್ಯಾಕ್ ಪಟ್ಟಿ ಉಪಯೋಗಕ್ಕೆ ಬರುತ್ತದೆ.

ವಿಲ್ಯಾನ್ ಅರಿಯುವ ಸ್ವಿಚ್ ಸಣ್ಣ ಸಂಸ್ಥೆಗಳಿಗೆ ದುಬಾರಿ ಎನ್ನುವವರು, ತಮ್ಮ ವೈ-ಫೈ ರೂಟರ್‌ನಲ್ಲಿ ಅತಿಥಿ ನೆಟ್‌ವರ್ಕ್ ಸೌಲಭ್ಯ ಇದೆಯೇ ಎಂದಾದರೂ ನೋಡಲಿ. ಹೊಸದಾಗಿ ನೆಟ್‌ವರ್ಕ್ ಹಾಕಿಸುವ ಸಂಸ್ಥೆಗಳು ಗುಂಪುಗಳು ಯಾವುವು, ವಿಂಗಡಣೆಯ ಆಧಾರವೇನು, ಲೀಸ್ ಎಷ್ಟು ಹೊತ್ತು ಎಂಬುದನ್ನು ಗುತ್ತಿಗೆದಾರರಿಗೆ ಕೊಡುವ ಕಾರ್ಯಾದೇಶದಲ್ಲೇ ಬರೆಯಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ನೆಟ್‌ವರ್ಕ್ ನಿರ್ವಾಹಕ