ಒಂದೇ ಸಹಿಯ ಪ್ರಮಾಣಪತ್ರ, ಹಲವರ ಋಣ

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಮೈಸೂರಿನ ವಿಶ್ವವಿದ್ಯಾಲಯ ಗ್ರಂಥಾಲಯವೊಂದಕ್ಕೆ ಇಂಟರ್ನ್ ಆಗಿ ಸೇರಿದ್ದೆ. ಕಳೆದ ಶನಿವಾರ ಆ ಅವಧಿ ಮುಗಿಯಿತು. ಕೈಗೆ ಬಂದ ಪ್ರಮಾಣಪತ್ರದಲ್ಲಿ ಇರುವುದು ಒಂದೇ ಸಹಿ. ಕೆಲಸ ಕಲಿಸಿದವರು ಮಾತ್ರ ಹಲವರು. ಈ ಬರಹ ಅವರಿಗಾಗಿ.

ಮೊದಲ ನಮಸ್ಕಾರ ಪುಸ್ತಕದ ಕಪಾಟುಗಳಿರುವ ಸ್ಟ್ಯಾಕ್ ವಿಭಾಗದ ಅಟೆಂಡರ್ ಅಣ್ಣನವರಿಗೆ. ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ನಾನು ಪರೀಕ್ಷೆಗೆಂದು ಉರುಹೊಡೆದಿದ್ದೆ. ಅವರಿಗೆ ಅದು ಸ್ವಂತ ಬೀದಿಯ ಮನೆ ನಂಬರುಗಳಷ್ಟು ಪರಿಚಿತ. 894.811 ತಮಿಳು ಸಾಹಿತ್ಯ, 894.812 ಮಲಯಾಳಂ, 894.814 ಕನ್ನಡ. ಪುಸ್ತಕಗಳ ಬೆನ್ನಿನ ಚೀಟಿಗಳ ಮೇಲೆ ಕಣ್ಣಾಡಿಸುತ್ತ ನಡೆದವರು ತಟ್ಟನೆ ನಿಂತು, ತಮಿಳಿನ ನಡುವೆ ಸಿಕ್ಕಿಕೊಂಡ ಕನ್ನಡ ಕಾದಂಬರಿಯನ್ನು ಹೊರಗೆಳೆಯುತ್ತಿದ್ದರು. ಪರೀಕ್ಷೆ ಹತ್ತಿರವಾದಾಗ ಇನ್ನೊಂದು ಬಗೆಯ ಬೇಟೆ. ಬೇರೆಯವರ ಕೈಗೆ ಸಿಗದಿರಲೆಂದು ವಿದ್ಯಾರ್ಥಿಗಳು ಅರ್ಥಶಾಸ್ತ್ರದ ಪಠ್ಯಗಳನ್ನು ಸಂಸ್ಕೃತ ನಿಘಂಟುಗಳ ಹಿಂದೆ ಬಚ್ಚಿಡುತ್ತಾರೆ. ಯಾವ ಕಪಾಟಿನ ಹಿಂದೆ ಕೈಹಾಕಬೇಕೆಂಬುದು ಅಣ್ಣನವರಿಗೆ ಗೊತ್ತು. ಈ ವಿದ್ಯೆ ಯಾವ ಪಠ್ಯಕ್ರಮದಲ್ಲೂ ಇಲ್ಲ.

ಪುಸ್ತಕಗಳ ವಿವರ ದಾಖಲಿಸುವ ಸೂಚೀಕರಣ ವಿಭಾಗದ ಮೇಡಂ ಅವರಿಗೆ ನನ್ನ ಋಣ ಹೆಚ್ಚು. ಹಳೆಯ ದಾಖಲೆಗಳಲ್ಲಿ ಕೆಲವನ್ನು ಎಲ್ಲ ಲಿಪಿಗಳಿಗೂ ಸಾಮಾನ್ಯ ಸಂಕೇತವಾದ ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದರು. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ ತೆರೆದರೆ ಅವು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪುಸ್ತಕ ಕಪಾಟಿನಲ್ಲಿ ಕಣ್ಣೆದುರೇ ಇದ್ದರೂ ಹುಡುಕುವವರ ಪಾಲಿಗೆ ಇಲ್ಲ. ಹೆಸರುಗಳದ್ದು ಮತ್ತೊಂದು ತಲೆನೋವು. ಕುವೆಂಪು ಎಂದು ಹುಡುಕಿದರೆ ಒಂದಷ್ಟು ಕೃತಿಗಳು, ಪುಟ್ಟಪ್ಪ ಕೆ.ವಿ. ಎಂದರೆ ಬೇರೊಂದಷ್ಟು, ಇನಿಷಿಯಲ್ ಮೊದಲು ಹಾಕಿದರೆ ಉಳಿದವು! ಒಂದು ರೂಪವನ್ನು ಅಧಿಕೃತವೆಂದು ಇಟ್ಟುಕೊಂಡು ಮಿಕ್ಕವನ್ನೆಲ್ಲ ಅದಕ್ಕೆ ಜೋಡಿಸುವ ಕೆಲಸವನ್ನು ಮೇಡಂ ನನಗೆ ಒಪ್ಪಿಸಿದರು. "ರಕ್ಷಾಪುಟ ನೋಡಿ ಬರೆಯಬೇಡಮ್ಮ, ಶೀರ್ಷಿಕೆ ಪುಟ ತೆಗೆ, ಅದರ ಹಿಂಬದಿಯನ್ನೂ ಓದು" ಎಂದು ದಿನವೂ ಹೇಳುತ್ತಿದ್ದರು. ಕಾವ್ಯನಾಮ, ಊರಿನ ಹೆಸರು, ತಂದೆಯ ಹೆಸರು ಎಲ್ಲ ಸೇರಿ ಆಗುವ ನಮ್ಮ ಲೇಖಕರ ಹೆಸರುಗಳು, ಕುಲನಾಮವನ್ನು ಮೊದಲಿಡುವ ಪಾಶ್ಚಾತ್ಯ ನಿಯಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಊಟದ ಹೊತ್ತು ಮೀರಿದ್ದೂ ತಿಳಿಯದಂತೆ ಕೂತು ಮಾಡಿದ ಕೆಲಸ ನನ್ನ ಬದುಕಿನಲ್ಲಿ ಇದೊಂದೇ ಇರಬೇಕು.

ಸಂಶೋಧನಾ ನೆರವಿನ ಮೇಜಿನಲ್ಲಿದ್ದ ಸರ್ ಅವರಿಗೂ ವಂದನೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಕೊನೆಯ ದಿನ ಬೆವರುತ್ತ ಬರುವವರನ್ನು ಅವರು ಮೊದಲು ಕೂರಿಸಿ ನೀರು ಕೊಡುತ್ತಿದ್ದರು. ಬೇರೆಯವರ ಬರಹದೊಡನೆ ಹೋಲಿಕೆ ಶೇ. 10ರೊಳಗೆ ಇದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ದಂಡನೆಯಿಲ್ಲ ಎಂದು ತಿಳಿಸಿ, ಉಲ್ಲೇಖಗಳನ್ನು ಹೇಗೆ ಗುರುತಿಸಬೇಕೆಂದು ಸಾಲು ಸಾಲಾಗಿ ತೋರಿಸುತ್ತಿದ್ದರು. ಪ್ರಬಂಧವನ್ನು ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಏರಿಸುವುದನ್ನು ಕಲಿತದ್ದು ಅವರಿಂದಲೇ.

ಉಪಗ್ರಂಥಪಾಲಕರು ಚಹಾದ ಹೊತ್ತಿನಲ್ಲಿ ನಮ್ಮೊಡನೆ ಮಾತಾಡಿದ್ದು ಬೇರೆಯೇ ಪಾಠ. ಕಾಲೇಜಿನ ಕಾಯಂ ಹುದ್ದೆಯೊಂದೇ ಗುರಿ ಎಂದುಕೊಂಡಿದ್ದ ನನಗೆ ಅವರು ಸಕ್ಕರೆ ಬೆರೆಸದೆ ಲೆಕ್ಕ ಹೇಳಿದರು: ನೇಮಕಾತಿ ಯಾವಾಗ ಬರುತ್ತದೆಂದು ದೇವರೇ ಬಲ್ಲ, ಅಧ್ಯಾಪಕ ಹುದ್ದೆಗಳ ಅರ್ಹತಾ ಪರೀಕ್ಷೆ ನೆಟ್ ಪಾಸು ಮಾಡಿಟ್ಟುಕೋ, ಅಷ್ಟರಲ್ಲಿ ಡಿಜಿಟಲೀಕರಣ, ಪತ್ರಾಗಾರ, ಕಂಪನಿಗಳ ಮಾಹಿತಿ ಕೇಂದ್ರ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯವಾದ ಅರಿವು ಕೇಂದ್ರ ಇವುಗಳತ್ತಲೂ ಕಣ್ಣಿಡು. ಸಂಬಳದ ವಿಷಯವನ್ನೂ ಮುಚ್ಚಿಡಲಿಲ್ಲ. ಒಂದು ಮಧ್ಯಾಹ್ನ ನಮ್ಮನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕಳಿಸಿದ್ದೂ ಅವರೇ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಗ್ರಂಥಪಾಲಕರಾಗಿದ್ದರು. "ಲೈಬ್ರರಿಯಲ್ಲಿ ಏನು ಕೆಲಸ, ಕೂತು ಓದುವುದು ತಾನೇ?" ಎನ್ನುವ ನಮ್ಮ ಚಿಕ್ಕಪ್ಪನಿಗೆ ಈಗ ಕೊಡಲು ಒಳ್ಳೆಯ ಉತ್ತರವಿದೆ. (ಓದಲು ಬಿಡುವು ಸಿಕ್ಕಿದ್ದು ಅಪರೂಪ, ಅದು ಬೇರೆ ಮಾತು.)

ಬೆಳಗ್ಗೆ ಏಳಕ್ಕೇ ಡಬ್ಬಿ ಕಟ್ಟಿಕೊಟ್ಟ ಅಮ್ಮನಿಗೂ, ಬಾಡಿಗೆ ಕೋಣೆಯಲ್ಲಿ ದೀಪ ಹಚ್ಚಿಟ್ಟು ನಾನು ಓದುತ್ತಿದ್ದರೆ ಮುಸುಕೆಳೆದು ಮಲಗಿದ ಗೆಳತಿಗೂ ಕೃತಜ್ಞಳು. ಸೂಚೀಕರಣವೇ ನನ್ನ ದಾರಿ ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇನೆ. ನೆಟ್ ಪರೀಕ್ಷೆಗೆ ಓದು ಶುರುವಾಗಿದೆ.

ಮುಂದೆ ಬರುವ ಇಂಟರ್ನ್‌ಗೆ ಒಂದು ಸೂಚನೆ: ಶಿವರಾಮ ಕಾರಂತರ ದಾಖಲೆಗಳು ಅರ್ಧಕ್ಕೆ ನಿಂತಿವೆ. ಕಾರಂತ ಶಿವರಾಮ, ಕೋಟ ಶಿವರಾಮ ಕಾರಂತ, ಶಿವರಾಮ ಕಾರಂತ ಕೆ. ಎಂದೆಲ್ಲ ಚದುರಿವೆ. ಇನ್ನೂ ಜೋಡಿಸಬೇಕಾದವುಗಳ ಪಟ್ಟಿ ಮೇಡಂ ಅವರ ಮೇಜಿನ ಎರಡನೇ ಡ್ರಾಯರ್‌ನಲ್ಲಿದೆ.