ಬಿಲ್ಲಿನಲ್ಲಿ ಕಾಯಿಲೆ ಕೋಡ್: ಮುಂದಿನ ತಿಂಗಳಿಂದ ಒಂದು ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಕೃತಕ ಕಾಲಿನ ವರ್ಕ್‌ಶಾಪಿನ ಎಸ್ಟಿಮೇಟ್ ಮತ್ತು ಬಿಲ್ಲುಗಳಲ್ಲಿ ಕಾಯಿಲೆಯ ಕೋಡನ್ನು, ಅಂದರೆ ತೊಂದರೆ ಯಾವುದೆಂದು ಹೇಳುವ ಅಕ್ಷರ-ಅಂಕಿಯ ಗುರುತನ್ನು, ನಾವಾಗಿ ಹಾಕುವುದಿಲ್ಲ. ನಿಮ್ಮ ಡಾಕ್ಟರು ಬರೆದ ಕೋಡನ್ನೇ ನೋಡಿ ಇಳಿಸುತ್ತೇವೆ. ಹಾಗಾಗಿ ಕಾಲಿನ ಅಳತೆಗೆ ಬರುವಾಗ ಡಿಸ್ಚಾರ್ಜ್ ಸಮ್ಮರಿ ಅಥವಾ ಡಾಕ್ಟರ ಚೀಟಿ ತನ್ನಿ.

ಕಾರಣ ಮುಚ್ಚಿಡುವುದಿಲ್ಲ, ತಪ್ಪು ನಮ್ಮದೇ. ಗ್ರಾಹಕರೊಬ್ಬರಿಗೆ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಅವರ ಬಿಲ್ಲಿನಲ್ಲಿ ನಾವು ಝಡ್ 89.512 ಎಂದು ಹೊಡೆದಿದ್ದೆವು. ನಮ್ಮ ಸಾಫ್ಟ್‌ವೇರಿನಲ್ಲಿದ್ದದ್ದು ಅಮೆರಿಕದವರ ಕೋಡ್ ಪಟ್ಟಿ. ಅದರಲ್ಲಿ ಈ ಕೋಡಿನ ಕೊನೆಯ ಅಂಕಿ 1 ಇದ್ದರೆ ಬಲ, 2 ಇದ್ದರೆ ಎಡ. ಅವರ ಫೋಟೊದಲ್ಲಿ ಇಲ್ಲದ್ದು ಬಲಗಾಲು, ಬಿಲ್ಲಿನಲ್ಲಿ ಎಡಗಾಲು! ಆ ಬಿಲ್ಲಿಗೆ ಆಫೀಸಿನಿಂದ ಬರಬೇಕಿದ್ದ ದುಡ್ಡು ನಿಂತೇ ಹೋಯಿತು. ಪಾಪ, ಹೊಸ ಕಾಲು ಹಾಕಿಕೊಂಡು ಅವರು ಮೊದಲು ಹತ್ತಿದ್ದು ಆ ಆಫೀಸಿನ ಮೆಟ್ಟಿಲನ್ನೇ.

ನಮ್ಮ ಆಸ್ಪತ್ರೆಗಳು ಸಾಮಾನ್ಯವಾಗಿ ಬರೆಯುವುದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-10ರ ಕೋಡ್. ಅದರಲ್ಲಿ ಝಡ್ 89.5 ಅಂದರೆ ಮೊಣಕಾಲಿನಲ್ಲಿ ಅಥವಾ ಅದರ ಕೆಳಗೆ ಕಾಲು ಇಲ್ಲ ಎಂದಷ್ಟೇ. ಮೊಣಕಾಲಿನ ಮೇಲಾದರೆ 89.6. ಎಡವೋ ಬಲವೋ ಅದು ಹೇಳುವುದಿಲ್ಲ. ಅದಕ್ಕೇ ಇನ್ನು ಕೋಡಿನ ಪಕ್ಕದಲ್ಲಿ ‘ಬಲಗಾಲು, ಮೊಣಕಾಲಿನ ಕೆಳಗೆ’ ಎಂಬಂತೆ ದಪ್ಪಕ್ಷರದಲ್ಲಿ ಬರೆಯುತ್ತೇವೆ. ನೀವು ಓದಿ ಸಹಿ ಹಾಕಿದ ಮೇಲೆಯೇ ಪ್ರಿಂಟ್.

ಚೀಟಿಯಲ್ಲಿ ಝಡ್ 89.9 ಇದ್ದರೆ ಡಾಕ್ಟರನ್ನು ಇನ್ನೊಮ್ಮೆ ಕೇಳಿ. ಯಾವ ಅಂಗ, ಎಲ್ಲಿಯವರೆಗೆ ಎಂಬುದೇ ಆ ಕೋಡಿನಲ್ಲಿ ಇರುವುದಿಲ್ಲ. ಅಪಘಾತದಲ್ಲಿ ಮೊಣಕಾಲಿನಲ್ಲಿ ಅಥವಾ ಅದರ ಕೆಳಗೆ ಕಾಲು ತುಂಡಾದ ಹೊತ್ತಿಗೆ ಹಾಕುವ ಎಸ್ 88 ಬೇರೆ, ಗಾಯ ಮಾಗಿ ಕೃತಕ ಕಾಲಿಗೆ ಬಂದಾಗಿನ ಝಡ್ 89 ಬೇರೆ. ಹುಟ್ಟಿನಿಂದಲೇ ಕಾಲು ಬೆಳೆಯದ ಮಕ್ಕಳಿಗೆ ಇವೆರಡೂ ಅಲ್ಲ, ಕ್ಯೂ 72. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದಿದ್ದರೆ ಅದರ ಕೋಡೂ ಜೊತೆಗೆ ಇರಲಿ.

ಇನ್ನೊಂದು ಮಾತು. ಅಳತೆಗೆಂದು ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅದು ಗಟ್ಟಿಯಾಗುವವರೆಗೆ ಸುಮ್ನೆ ಕೂರಬೇಕಲ್ವಾ? ಆಗ ಎಷ್ಟೋ ಜನ ಮೆಲ್ಲಗೆ ಹೇಳುತ್ತಾರೆ: ‘ಇಲ್ಲದ ಹೆಬ್ಬೆರಳು ರಾತ್ರಿಯೆಲ್ಲ ಉರಿಯುತ್ತೆ.’ ಡಾಕ್ಟರ ಹತ್ತಿರ ಹೇಳಿದ್ರಾ ಅಂದರೆ ಇಲ್ಲ, ನಗುತ್ತಾರೆ ಅಂತ ಸಂಕೋಚ. ಇದು ಭ್ರಮೆಯಲ್ಲ. ಇದಕ್ಕೂ ಕೋಡ್ ಇದೆ, ಜಿ 54.6. ಔಷಧಿಯೂ ಉಂಟು. ಆದರೆ ಅದನ್ನು ಬರೆಯಬೇಕಾದವರು ಡಾಕ್ಟರು, ನಾವಲ್ಲ. ದಯವಿಟ್ಟು ಅವರಿಗೆ ಹೇಳಿ.

ಚೀಟಿ ತರಲು ಮರೆತರೂ ಅಳತೆ ತೆಗೆಯುತ್ತೇವೆ, ಕೆಲಸ ನಿಲ್ಲುವುದಿಲ್ಲ. ಬಿಲ್ಲಿನ ಆ ಜಾಗವನ್ನು ಮಾತ್ರ ಖಾಲಿ ಬಿಡುತ್ತೇವೆ. ಹಳೆಯ ಬಿಲ್ಲುಗಳನ್ನೂ ಒಮ್ಮೆ ನೋಡಿಕೊಳ್ಳಿ. ಎಡ-ಬಲ ತಪ್ಪಿದ್ದರೆ ತನ್ನಿ, ಸರಿಮಾಡಿ ಸೀಲ್ ಹಾಕಿಕೊಡುತ್ತೇವೆ, ದುಡ್ಡು ಬೇಡ. ಬರಲು ಕಷ್ಟವಾದರೆ ಫೋಟೊ ಕಳಿಸಿ, ಹೊಸ ಬಿಲ್ಲನ್ನು ಪೋಸ್ಟಿನಲ್ಲಿ ಕಳಿಸುತ್ತೇವೆ.

ಇಂತಿ,
ನಿಮ್ಮ ಕೃತಕ ಕಾಲಿನ ವರ್ಕ್‌ಶಾಪಿನವರು