ಆನ್‌ರೋಡ್ ಬೆಲೆಯನ್ನು ಬಿಡಿಸಿ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಕಾರು ಬಂದಾಗ ಬೆಲೆಯನ್ನೂ ಹಾಕುತ್ತೀರಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಎಕ್ಸ್‌ಶೋರೂಂ, ದೆಹಲಿ’ ಅಂತ ಇರುತ್ತದೆ. ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮೊದಲಿನ ಬೆಲೆ. ಅವೆಲ್ಲ ಸೇರಿದರೆ ಆನ್‌ರೋಡ್ ಬೆಲೆ. ದಾವಣಗೆರೆಯಲ್ಲಿ ಕೂತು ಓದುವ ನನಗೆ ಆ ಬೆಲೆಯಿಂದ ಏನೂ ಗೊತ್ತಾಗುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಾನೇ ಒಂದು ಸಣ್ಣ ಕಾರು ಕೊಂಡೆ. ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಗಾಡಿ, ಎಕ್ಸ್‌ಶೋರೂಂ ಏಳೂವರೆ ಲಕ್ಷ. ಆಮೇಲೆ ನಡೆದದ್ದನ್ನು ನಿಮ್ಮ ಓದುಗರಿಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ತಂದೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡುತ್ತಿದ್ದರು. ಸುತ್ತ ನಿಂತವರಿಗೆ ಬೆಲೆ ತಿಳಿಯುತ್ತಿರಲಿಲ್ಲ. ಆದರೆ ಬೆರಳು ಹಿಡಿದ ಇಬ್ಬರಿಗೂ ಲೆಕ್ಕ ಒಂದೇ ಇರುತ್ತಿತ್ತು. ಕಾರಿನ ಶೋರೂಂನಲ್ಲಿ ಕೊಳ್ಳುವವನಿಗೇ ಲೆಕ್ಕ ಗೊತ್ತಿರುವುದಿಲ್ಲ.

ಮೊದಲ ಶೋರೂಂನ ಹುಡುಗ ಬ್ರೋಷರ್ ಹಿಂಭಾಗದಲ್ಲಿ ಪೆನ್ನಿನಿಂದ ಬರೆದ. ಎಕ್ಸ್‌ಶೋರೂಂ 7,50,000. ‘ಆರ್‌ಟಿಒ’ 1,33,000. ಇನ್ಶೂರೆನ್ಸ್ 46,000. ಎಕ್ಸ್‌ಟೆಂಡೆಡ್ ವಾರಂಟಿ 15,000. ‘ಎಸೆನ್ಶಿಯಲ್ ಕಿಟ್’ 14,500. ಹ್ಯಾಂಡ್ಲಿಂಗ್ 7,500. ಫಾಸ್ಟ್ಯಾಗ್ ಮತ್ತು ಇತರೆ 1,000. ಒಟ್ಟು 9,67,000. ಅದರಲ್ಲಿ 20,000 ಕಳೆದು, 9,47,000ದ ಸುತ್ತ ಎರಡು ಸಲ ಗುಂಡು ಹಾಕಿ, ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದ. ಇನ್ನೂ ಸ್ವಲ್ಪ ಬಿಡಿ ಅಂದೆ. ‘ಜಿಎಸ್‌ಟಿ ಇಳಿದಿದೆಯಲ್ಲ ಸಾರ್, ಅದೇ ದೊಡ್ಡ ಡಿಸ್ಕೌಂಟ್’ ಅಂದ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು ನಿಜ. ಅದು ಸರ್ಕಾರ ಬಿಟ್ಟ ದುಡ್ಡು. ಎಕ್ಸ್‌ಶೋರೂಂ ಬೆಲೆಯಲ್ಲಿ ಆಗಲೇ ಇಳಿದಿದೆ. ಡೀಲರ್ ತನ್ನ ಲಾಭದಲ್ಲಿ ಏನು ಬಿಡುತ್ತಾನೆ ಅನ್ನುವುದು ಬೇರೆಯೇ ಮಾತು.

ಆ ಹಾಳೆಯನ್ನು ಮನೆಗೆ ತಂದು ಒಂದೊಂದೇ ಸಾಲನ್ನು ಬಿಡಿಸಿದೆ.

ಮೊದಲು ‘ಆರ್‌ಟಿಒ’ ಸಾಲು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ 14 ಪರ್ಸೆಂಟ್. ಆ ತೆರಿಗೆಯ ಮೇಲೆ ಸೆಸ್ ಸೇರಿದರೆ ಹದಿನೈದೂವರೆ ದಾಟುತ್ತದೆ. ಏಳೂವರೆ ಲಕ್ಷಕ್ಕೆ 1,16,550. ನೋಂದಣಿ ಶುಲ್ಕ 600 ರೂಪಾಯಿ, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ಸೇರಿಸಲು 1,500, ಸ್ಮಾರ್ಟ್ ಕಾರ್ಡಿಗೆ 200. ಎಷ್ಟೇ ಉದಾರವಾಗಿ ಲೆಕ್ಕ ಹಾಕಿದರೂ 1,20,000 ದಾಟುವುದಿಲ್ಲ. ಹಾಗಾದರೆ ಉಳಿದ 13,000 ಯಾತಕ್ಕೆ? ಮಾರನೇ ದಿನ ಹೋಗಿ ಒಂದೇ ಮಾತು ಹೇಳಿದೆ: ‘ತೆರಿಗೆ ಮತ್ತು ಶುಲ್ಕ ಕಟ್ಟಿದ ರಸೀದಿ ಕೊಡಿ. ಅದರಲ್ಲಿ ಎಷ್ಟಿದೆಯೋ ಅಷ್ಟನ್ನೂ ಕೊಡುತ್ತೇನೆ.’ ಮ್ಯಾನೇಜರ್ ಒಳಗೆ ಹೋಗಿ ಬಂದು, ‘ಅದು ಅಂದಾಜು ಬರೆದದ್ದು ಸಾರ್’ ಅಂದರು. ಆ ಸಾಲು 1,20,000ಕ್ಕೆ ಇಳಿಯಿತು. ಚೌಕಾಸಿಯೇ ಮಾಡಲಿಲ್ಲ, ರಸೀದಿ ಕೇಳಿದೆ ಅಷ್ಟೇ.

ಜಾಸ್ತಿ ದುಡ್ಡು ಸೋರುವುದು ಇನ್ಶೂರೆನ್ಸ್‌ನಲ್ಲಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು. ಸಾವಿರದಿಂದ ಒಂದೂವರೆ ಸಾವಿರ ಸಿಸಿ ಒಳಗಿನ ಗಾಡಿಗೆ 10,640 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಯಾವ ಕಂಪನಿಗೆ ಹೋದರೂ ಅಷ್ಟೇ. ನಮ್ಮ ಗಾಡಿಗೆ ಆಗುವ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಭಾಗ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಗಾಡಿಯ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ) ಎಷ್ಟು, ಸವಕಳಿ ಕಳೆಯದೆ ಬಿಡಿಭಾಗದ ದುಡ್ಡು ಕೊಡುವ ಜೀರೋ ಡೆಪ್ರಿಸಿಯೇಶನ್ ಇದೆಯೋ ಇಲ್ಲವೋ, ಇವನ್ನು ಒಂದೇ ಇಟ್ಟುಕೊಂಡು ಹೊರಗೆ ವಿಚಾರಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಐಡಿವಿ ಕಡಿಮೆ ಮಾಡಿ ಅಗ್ಗ ತೋರಿಸುವವರೂ ಇದ್ದಾರೆ, ಅದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ಆ ಹುಡುಗ ಕೇಳಲೇ ಇಲ್ಲ. ನನ್ನ ಹಳೇ ಕಾರಿಗೆ ಆರು ವರ್ಷದಿಂದ ಒಂದೂ ಕ್ಲೈಮ್ ಮಾಡಿರಲಿಲ್ಲ. ಹಾಗಾಗಿ 50 ಪರ್ಸೆಂಟ್ ನೋ ಕ್ಲೈಮ್ ಬೋನಸ್, ಅಂದರೆ ಓನ್ ಡ್ಯಾಮೇಜ್ ಕಂತಿನಲ್ಲಿ ಅಷ್ಟು ರಿಯಾಯಿತಿ, ಇತ್ತು. ಈ ಬೋನಸ್ ಸೇರುವುದು ಗಾಡಿಗಲ್ಲ, ಮಾಲೀಕನಿಗೆ. ಹಳೇ ಗಾಡಿ ಮಾರಿದ ದಾಖಲೆ ಕೊಟ್ಟರೆ ವಿಮಾ ಕಂಪನಿ ಒಂದು ಪತ್ರ ಕೊಡುತ್ತದೆ. ಮೂರು ವರ್ಷದ ಒಳಗೆ ಅದನ್ನು ಹೊಸ ಕಾರಿನ ವಿಮೆಗೆ ಬಳಸಬಹುದು. ಎಷ್ಟೋ ಜನ ಹಳೇ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಈ ಬೋನಸ್ಸನ್ನು ಅಲ್ಲೇ ಬಿಟ್ಟು ಬರುತ್ತಾರೆ. ಆ ಪತ್ರ ಇಟ್ಟುಕೊಂಡು ಹೊರಗೆ ಮಾಡಿಸಿದಾಗ ನನಗೆ ಬಿದ್ದದ್ದು 27,000. ಶೋರೂಂನಲ್ಲಿ ಹೇಳಿದ್ದು 46,000.

‘ಹೊರಗಿನ ಇನ್ಶೂರೆನ್ಸ್ ಆದರೆ ಕ್ಯಾಶ್‌ಲೆಸ್ ಆಗಲ್ಲ, ಡಿಸ್ಕೌಂಟೂ ಸಿಗಲ್ಲ’ ಅಂದರು ಶೋರೂಂನವರು. ಕ್ಯಾಶ್‌ಲೆಸ್ ಅಂದರೆ ರಿಪೇರಿ ದುಡ್ಡನ್ನು ವಿಮಾ ಕಂಪನಿಯೇ ಗ್ಯಾರೇಜಿಗೆ ಕಟ್ಟುವುದು. ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿ ತೆಗೆದು ನೋಡಿದೆ. ಅದೇ ಶೋರೂಂನ ವರ್ಕ್‌ಶಾಪ್ ಹೆಸರು ಅದರಲ್ಲಿತ್ತು! ವಿಮೆಯನ್ನು ತನ್ನಲ್ಲೇ ಮಾಡಿಸಬೇಕು ಅಂತ ಡೀಲರ್ ಒತ್ತಾಯಿಸುವಂತಿಲ್ಲ. ವಿಮಾ ಪ್ರಾಧಿಕಾರದ 2017ರ ಮಾರ್ಗಸೂಚಿಯೇ ಆಯ್ಕೆಯನ್ನು ಗ್ರಾಹಕನಿಗೆ ಬಿಟ್ಟಿದೆ. ಒಂದು ವಸ್ತು ಕೊಡಲು ಇನ್ನೊಂದನ್ನೂ ಕೊಳ್ಳಲೇಬೇಕು ಅನ್ನುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಕಿಟ್ ಅಂದರೆ ಮ್ಯಾಟು, ಮಡ್ ಫ್ಲ್ಯಾಪು, ಸ್ಟೀರಿಂಗ್ ಕವರು, ಒಂದು ಪರ್ಫ್ಯೂಮು. ಬೇಡ ಅಂದೆ, ತೆಗೆದರು. ಹ್ಯಾಂಡ್ಲಿಂಗ್ ಅಂದರೇನು ಅಂತ ಕೇಳಿದ್ದಕ್ಕೆ ಯಾರೂ ಸರಿಯಾಗಿ ಹೇಳಲಿಲ್ಲ, ಅದನ್ನೂ ತೆಗೆದರು. ವಾರಂಟಿಯನ್ನು ಆಮೇಲೆ ತೆಗೆದುಕೊಳ್ಳೋಣ ಅಂತ ಬಿಟ್ಟೆ. ಸಾಲವನ್ನು ನನ್ನ ಬ್ಯಾಂಕಿನಲ್ಲೇ ಮಾಡಿಕೊಂಡೆ.

ಶಿವಮೊಗ್ಗ, ಹುಬ್ಬಳ್ಳಿಯ ಶೋರೂಂಗಳಿಂದಲೂ ಅದೇ ಮಾಡೆಲ್, ಅದೇ ಬಣ್ಣದ ಕೊಟೇಶನ್ ತರಿಸಿದ್ದೆ. ಡಿಸೆಂಬರ್ ಆದ್ದರಿಂದ ನನ್ನ ಮಾತಿಗೂ ಬೆಲೆ ಬಂತು. ಜನವರಿ ಒಂದು ಬಂದರೆ ಅಂಗಳದಲ್ಲಿರುವ ಗಾಡಿ ಹೋದ ವರ್ಷದ್ದಾಗುತ್ತದೆ ಅಲ್ವಾ? ಆಷಾಢದಲ್ಲೂ ಹೀಗೇ, ಕೊಳ್ಳುವವರು ಕಡಿಮೆ. ಆಯುಧಪೂಜೆಯ ವಾರದಲ್ಲಿ ಹೋದರೆ ಅವರಿಗೆ ನಮ್ಮ ಮುಖ ನೋಡಲಿಕ್ಕೂ ಪುರುಸೊತ್ತು ಇರುವುದಿಲ್ಲ.

ಹಣ ಕಟ್ಟುವ ಮೊದಲು ಗಾಡಿ ತೋರಿಸಿ ಅಂದೆ. ಯಾರ್ಡಿಗೆ ಕರೆದುಕೊಂಡು ಹೋದರು. ಟೈರಿನ ಪಕ್ಕದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದೆ. ‘2225’ ಅಂತ ಇತ್ತು. 2025ರ 22ನೇ ವಾರದ ಟೈರು. ಅಂದರೆ ಮೇ ಕೊನೆಯದು. ಗಾಡಿ ಯಾವಾಗ ತಯಾರಾದದ್ದು ಅಂತ ಕೇಳಿದರೆ ‘ಹೊಸ ಸ್ಟಾಕ್ ಸಾರ್’ ಅಂದರು. ಕಾಗದ ತೆಗೆಸಿ ನೋಡಿದರೆ ಜುಲೈ. ಐದು ತಿಂಗಳು ಬಿಸಿಲು ಮಳೆಯಲ್ಲಿ ನಿಂತ ಗಾಡಿ. ತಯಾರಾದ ತಿಂಗಳು ಆರ್‌ಸಿಯಲ್ಲಿ ಬರುತ್ತದೆ, ನಾಳೆ ಮಾರುವಾಗ ಕೊಳ್ಳುವವನು ಮೊದಲು ನೋಡುವುದೇ ಅದನ್ನು. ಬೇರೆ ಗಾಡಿ ಕೊಡಿ ಅಂದೆ. ವಾರ ಬಿಟ್ಟು ನವೆಂಬರಿನದು ಕೊಟ್ಟರು. ಡಿಸ್ಕೌಂಟನ್ನೂ 28,000ಕ್ಕೆ ಏರಿಸಿದರು.

ಕೊನೆಗೆ ಎಲ್ಲ ಸೇರಿ ನನಗೆ ಬಿದ್ದದ್ದು 8,70,000. ವಾರಂಟಿಯ ಹದಿನೈದು ಸಾವಿರವನ್ನು ಲೆಕ್ಕದಿಂದ ಬಿಟ್ಟರೂ, ಗುಂಡು ಹಾಕಿದ ಬೆಲೆಗಿಂತ 62,000 ಕಡಿಮೆ. ಇದರಲ್ಲಿ ಡಿಸ್ಕೌಂಟ್ ಜಾಸ್ತಿ ಮಾಡಿಸಿಕೊಂಡದ್ದು ಬರೀ 8,000. ಉಳಿದ 54,000 ಬಂದದ್ದು ನಾವು ಯಾರೂ ಪ್ರಶ್ನೆ ಮಾಡದ ಕೆಳಗಿನ ಸಾಲುಗಳಿಂದ.

ಚನ್ನಗಿರಿ ಕಡೆಯ ನನ್ನ ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಆಯುಧಪೂಜೆಗೆ ಇದೇ ಕಾರು ಕೊಂಡಿದ್ದರು. ಮನೆಗೆ ಬಂದ ಮೊದಲ ಕಾರು. ಅವರ ಜೇಬಿನಲ್ಲಿ ಇಂಥದೇ ಒಂದು ಹಾಳೆ ಮಡಚಿ ಇಟ್ಟಿದ್ದರು. ನೋಡಿದೆ. ಕಿಟ್ಟು, ಹ್ಯಾಂಡ್ಲಿಂಗು, ‘ಅಂದಾಜು’ ಆರ್‌ಟಿಒ, ಎಲ್ಲವನ್ನೂ ಪೂರ್ತಿ ಕೊಟ್ಟಿದ್ದರು. ‘ಸರ್ಕಾರದ್ದು ಅಂದರು, ಕೊಟ್ಟೆ’ ಅಂದರು. ನನಗೆ ಮುಂದೆ ಮಾತು ಬರಲಿಲ್ಲ. ಆ ಸೇಲ್ಸ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಇನ್ಶೂರೆನ್ಸ್, ಇಷ್ಟು ಕಿಟ್ ಮಾರಲೇಬೇಕು ಅಂತ ಅವರಿಗೂ ಟಾರ್ಗೆಟ್ ಇರುತ್ತದೆಯಂತೆ. ತಿದ್ದಬೇಕಾದವರು ಮೇಲಿದ್ದಾರೆ.

ನೋಂದಣಿ ಆಗದ ಗಾಡಿಗಳನ್ನು ಇಟ್ಟುಕೊಳ್ಳಲು ಡೀಲರ್‌ಗಳಿಗೆ ಬೇಕಾದ ಟ್ರೇಡ್ ಸರ್ಟಿಫಿಕೇಟ್ ಕೊಡುವುದು ಆರ್‌ಟಿಒ ಕಚೇರಿ. ತೆರಿಗೆ ಎಷ್ಟು, ಶುಲ್ಕ ಎಷ್ಟು, ವಿಮೆಯಲ್ಲಿ ಕಡ್ಡಾಯದ್ದು ಎಷ್ಟು, ಬೇಡ ಅನ್ನಬಹುದಾದ್ದು ಯಾವುದು ಅಂತ ಕನ್ನಡದಲ್ಲಿ ಬಿಡಿಸಿ ಬರೆದ ಮುದ್ರಿತ ಕೊಟೇಶನ್ ಕೊಡಲೇಬೇಕು ಅಂತ ಸಾರಿಗೆ ಇಲಾಖೆ ಷರತ್ತು ಹಾಕಲಿ. ಶೋರೂಂ ಗೋಡೆಯ ಮೇಲೂ ಅದೇ ಪಟ್ಟಿ ಇರಲಿ.

ನಿಮ್ಮಲ್ಲೂ ಒಂದು ಕೋರಿಕೆ. ವಾಹನ ಪುಟದಲ್ಲಿ ದೆಹಲಿಯ ಬೆಲೆಯ ಜೊತೆಗೆ ಕರ್ನಾಟಕದ ಆನ್‌ರೋಡ್ ಬೆಲೆಯನ್ನೂ ಹೀಗೆ ಸಾಲು ಸಾಲಾಗಿ ಹಾಕಿ. ಮೂರೂ ಶೋರೂಂಗಳ ಕೊಟೇಶನ್, ತೆರಿಗೆ ರಸೀದಿ ಎಲ್ಲ ನನ್ನ ಹತ್ತಿರ ಇವೆ. ಬೇಕಾದರೆ ಪ್ರತಿ ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ, ದಾವಣಗೆರೆ